ಕಪ್ಪತಗುಡ್ಡದ ಬೆಂಕಿ ಊರಿಗೆ ಬಂದು ಮನೆ ಸುಟ್ಟರೆ ಪರಿಹಾರಕ್ಕೆ ಯಾವ ಇಲಾಖೆಗೆ ಹೋಗಬೇಕು?

ಅರಣ್ಯ ಇಲಾಖೆಗೆ ಅಂತ ಬಹಳ ಜನ ಅಂದುಕೊಳ್ಳುತ್ತಾರೆ. ಬೆಂಕಿ ಆರಿಸುವುದು ಅವರ ಮತ್ತು ಅಗ್ನಿಶಾಮಕದವರ ಕೆಲಸ. ಮನೆಯ ದುಡ್ಡು ನೋಡಿಕೊಳ್ಳುವುದು ಕಂದಾಯ ಇಲಾಖೆ. ಡೋಣಿ ಕಡೆಯವರಾದರೆ ಮುಂಡರಗಿ ತಹಶೀಲ್ದಾರ್ ಕಚೇರಿ.

ಬೆಂಕಿ ಅನಾಹುತವೂ ರಾಜ್ಯ ವಿಪತ್ತು ಪರಿಹಾರ ನಿಧಿಯ ಪಟ್ಟಿಯಲ್ಲಿದೆ. ಮೊದಲು ಗ್ರಾಮ ಆಡಳಿತ ಅಧಿಕಾರಿ ಬಂದು ಪಂಚನಾಮೆ ಮಾಡಬೇಕು. ಹಾನಿ ಎಷ್ಟು ಅಂತ ಎಂಜಿನಿಯರ್ ಬರೆದುಕೊಡುತ್ತಾರೆ. ಅಲ್ಲಿವರೆಗೆ ಸುಟ್ಟ ಜಂತಿ, ತಗಡು ಎತ್ತಿ ಹಾಕಬೇಡಿ. ಹಾಕಲೇಬೇಕಾದರೆ ಎಲ್ಲ ಕಡೆಯಿಂದ ಫೋಟೊ ತೆಗೆದಿಡಿ. ಜಾಸ್ತಿ ಜಗಳ ಆಗೋದು ಇಲ್ಲೇ: "ಪೂರ್ತಿ ಹಾನಿ" ಅಂತ ಬರೆದರೋ, "ಭಾಗಶಃ" ಅಂತ ಬರೆದರೋ ನೋಡಿಕೊಳ್ಳಿ.

2022–26ರ ಕೇಂದ್ರ ನಿಯಮದ ಪ್ರಕಾರ, ಬಯಲು ಸೀಮೆಯಲ್ಲಿ ಪೂರ್ತಿ ಹೋದ ಮನೆಗೆ 1.20 ಲಕ್ಷ ರೂಪಾಯಿ. ಗುಡಿಸಲಿಗೆ 8,000. ಮನೆಗೆ ಹೊಂದಿಕೊಂಡ ಕೊಟ್ಟಿಗೆಗೆ ಬರೀ 3,000, ಅದರಲ್ಲಿ ಏನು ಕಟ್ಟೋದು ಹೇಳಿ!

2019ರ ಮಲಪ್ರಭಾ ನೆರೆಯಲ್ಲಿ 5 ಲಕ್ಷ ಕೊಟ್ಟರಲ್ವಾ ಅಂತ ಕೇಳಬಹುದು. ಅದು ನೆರೆಗೆಂದೇ ರಾಜ್ಯ ಸರ್ಕಾರ ಹೆಚ್ಚಿಗೆ ಸೇರಿಸಿ ಮಾಡಿದ ಆದೇಶ. ರಾಜೀವ್ ಗಾಂಧಿ ವಸತಿ ನಿಗಮದ ಮೂಲಕ, ಕಟ್ಟಡ ಏರಿದಂತೆ ಕಂತಿನಲ್ಲಿ ಬಂತು. ಬೆಂಕಿಗೆ ಅದೇ ಲೆಕ್ಕ ಹಿಡಿದು ಸಾಲ ಮಾಡಬೇಡಿ.