ಸಮುದಾಯದ ಒಡೆತನದ ವಿದ್ಯುತ್ ಯೋಜನೆಗಳಿಗೆ ಸರ್ಕಾರ ಏಕೆ ಮತ್ತು ಹೇಗೆ ನೆರವಾಗಬೇಕು?

ಸೌರಫಲಕಗಳೂ ಗಾಳಿಯಂತ್ರಗಳೂ ಇಷ್ಟು ಅಗ್ಗವಾಗಿರುವಾಗ ಜನರೇ ಸೇರಿ ಕಟ್ಟಿಕೊಳ್ಳುವ ವಿದ್ಯುತ್ ಯೋಜನೆಗಳಿಗೆ ಸರ್ಕಾರ ಏಕೆ ನೆರವು ನೀಡಬೇಕು, ಮತ್ತು ಆ ನೆರವು ಕೊನೆಗೆ ಷೇರು ಕೊಳ್ಳುವ ಶಕ್ತಿಯಿರುವವರ ಕೈಗೇ ಸೇರುವುದಿಲ್ಲವೇ ಎಂದು ನೀವು ಕೇಳಿದ್ದೀರಿ. ಎರಡೂ ನ್ಯಾಯವಾದ ಪ್ರಶ್ನೆಗಳೇ. ಸಹಕಾರ ಸಂಘಗಳ ಲೆಕ್ಕಪತ್ರ ಪರಿಶೀಲಿಸುವ ವೃತ್ತಿ ನನ್ನದಾದ್ದರಿಂದ ಇದನ್ನು ಹಣಕಾಸಿನ ಕಡೆಯಿಂದ ನೋಡುವುದು ನನಗೆ ರೂಢಿ. ಉತ್ತರವೂ ಆ ದಿಕ್ಕಿನಿಂದಲೇ ಬರುತ್ತದೆ.

ಯಂತ್ರದ ಬೆಲೆ ಇಳಿದಿದೆ ಎಂಬುದು ನಿಜ. ಆದರೆ ಇಂತಹ ಯೋಜನೆಗಳು ಮುಗ್ಗರಿಸುವುದು ಹೆಚ್ಚಾಗಿ ಯಂತ್ರದ ಬೆಲೆಯಿಂದಲ್ಲ, ಯಂತ್ರ ಕೊಳ್ಳುವ ಹಂತಕ್ಕೆ ತಲುಪುವ ಮೊದಲು ಆಗುವ ಖರ್ಚಿನಿಂದ. ಒಂದೆರಡು ಗಾಳಿಯಂತ್ರ ನಿಲ್ಲಿಸಬೇಕೆಂದರೂ ಗಾಳಿಯ ವೇಗವನ್ನು ತಿಂಗಳುಗಟ್ಟಲೆ ಅಳೆಯಬೇಕು, ಪಕ್ಷಿಗಳ ಓಡಾಟ ಮತ್ತು ಯಂತ್ರದ ಸದ್ದಿನ ಬಗ್ಗೆ ಅಧ್ಯಯನ ಮಾಡಿಸಬೇಕು, ಜಮೀನಿನ ಕರಾರು ಬರೆಸಬೇಕು, ಗ್ರಿಡ್ ಸಂಪರ್ಕಕ್ಕೆ ಅರ್ಜಿ ಹಾಕಿ ಶುಲ್ಕ ಕಟ್ಟಬೇಕು, ಇವೆಲ್ಲದರ ನಡುವೆ ವಕೀಲರಿಗೂ ಎಂಜಿನಿಯರುಗಳಿಗೂ ಹಣ ತೆರಬೇಕು. ಬ್ಯಾಂಕು ಮಾತಿಗೆ ಕೂರುವುದು ಪರವಾನಗಿ ಕೈಗೆ ಬಂದ ಮೇಲೆ. ಪರವಾನಗಿ ಸಿಗದೆ ಹೋದರೆ ಅಲ್ಲಿಯವರೆಗೆ ಸುರಿದದ್ದೆಲ್ಲ ನೀರಿನಲ್ಲಿ ಹೋಮ. ದೊಡ್ಡ ಕಂಪನಿಯೊಂದು ಹತ್ತು ಜಾಗಗಳಲ್ಲಿ ಏಕಕಾಲಕ್ಕೆ ಪ್ರಯತ್ನಿಸಿ, ಫಲಿಸಿದ ಮೂರರ ಲಾಭದಲ್ಲಿ ಉಳಿದ ಏಳರ ನಷ್ಟವನ್ನು ತುಂಬಿಕೊಳ್ಳಬಲ್ಲದು. ಅದಕ್ಕೆ ಈ ಊರು ಆಗದಿದ್ದರೆ ಇನ್ನೊಂದು ಊರು; ಊರಿಗೆ ಮಾತ್ರ ಇನ್ನೊಂದು ಊರಿಲ್ಲ. ನನ್ನ ಮಟ್ಟಿಗೆ ಸರ್ಕಾರದ ನೆರವಿಗೆ ಇರುವ ಬಲವಾದ ಸಮರ್ಥನೆ ಇದೇ: ಒಂದೇ ಜಾಗವನ್ನು ನಂಬಿದ ಜನರು ಹಂಚಿಕೊಳ್ಳಲಾಗದ ಅಪಾಯವನ್ನು ನೂರಾರು ಊರುಗಳ ನಡುವೆ ಹಂಚಬಲ್ಲ ಸಂಸ್ಥೆ ಸರ್ಕಾರವೊಂದೇ.

ಇದನ್ನು ಅರಿತು ರೂಪಿಸಿದ ವ್ಯವಸ್ಥೆಗಳು ಈಗಾಗಲೇ ಇವೆ. ಡೆನ್ಮಾರ್ಕ್ 2009ರಿಂದ ಜಾರಿಗೆ ತಂದ ಕಾನೂನಿನಲ್ಲಿ ಸ್ಥಳೀಯ ಪವನ ವಿದ್ಯುತ್ ಗುಂಪುಗಳ ಆರಂಭಿಕ ಅಧ್ಯಯನದ ಸಾಲಕ್ಕೆ 5 ಲಕ್ಷ ಕ್ರೋನರ್‌ವರೆಗೆ ಖಾತರಿ ನೀಡುವ ನಿಧಿಯಿತ್ತು. ಯೋಜನೆ ಕೈಗೂಡದಿದ್ದರೆ ಆ ಸಾಲದ ಹೊರೆ ಗುಂಪಿನ ಮೇಲೆ ಬೀಳುತ್ತಿರಲಿಲ್ಲ. ಸ್ಕಾಟ್ಲೆಂಡ್ ಸರ್ಕಾರ ಸಮುದಾಯ ಇಂಧನಕ್ಕೆ ನೆರವಾಗಲೆಂದು ನಡೆಸುವ ‘ಕೇರ್ಸ್’ ಯೋಜನೆಯಡಿ ಪರವಾನಗಿಗೆ ಮುಂಚಿನ ಕೆಲಸಗಳಿಗೆ ಸಾಲ ಸಿಗುತ್ತಿತ್ತು. ಬಡ್ಡಿ ತುಸು ಹೆಚ್ಚೇ, ಆದರೆ ಯೋಜನೆ ನಿಂತುಹೋದರೆ ಸಾಲ ಮನ್ನಾ ಮಾಡಲು ಅವಕಾಶವಿತ್ತು. ಜರ್ಮನಿ 2023ರಲ್ಲಿ ಆರಂಭಿಸಿದ ನಾಗರಿಕ ಇಂಧನ ನಿಧಿ, ಪವನ ಯೋಜನೆಗಳ ತಯಾರಿ ವೆಚ್ಚದ ಶೇ. 70ರಷ್ಟನ್ನು, ಗರಿಷ್ಠ 2 ಲಕ್ಷ ಯೂರೋವರೆಗೆ, ಭರಿಸುತ್ತದೆ; ಯೋಜನೆ ಯಶಸ್ವಿಯಾದರೆ ಹಣ ಹಿಂದಿರುಗಿಸಬೇಕು. ಸಹಾಯಧನವೆಂದರೆ ಕೊಟ್ಟು ಕೈತೊಳೆದುಕೊಳ್ಳುವುದು ಎಂದು ನಂಬಿರುವವರು ಈ ಮೂರರ ರಚನೆಯನ್ನು ಗಮನಿಸಬೇಕು. ಗೆದ್ದವರಿಂದ ಮರಳಿದ ಹಣವೇ ಮುಂದಿನವರ ನೆರವಿಗೆ ಒದಗುತ್ತದೆ, ಮತ್ತು ನಷ್ಟವಾದರೂ ಅದು ಅಧ್ಯಯನದ ಖರ್ಚಿಗೆ ಸೀಮಿತವಾಗಿರುತ್ತದೆ, ಇಡೀ ಸ್ಥಾವರದ ವೆಚ್ಚಕ್ಕೆ ಮುಟ್ಟುವುದಿಲ್ಲ.

ಎರಡನೆಯದು ಬೆಲೆಯ ಖಚಿತತೆ. ಸಂಘವೊಂದು ಮಾರುವ ವಿದ್ಯುತ್ತಿಗೆ ಮುಂದಿನ ಹದಿನೈದು, ಇಪ್ಪತ್ತು ವರ್ಷ ಎಷ್ಟು ಸಿಗುತ್ತದೆ ಎಂಬುದು ಕಾಗದದ ಮೇಲೆ ಇದ್ದರೆ ಬ್ಯಾಂಕಿಗೆ ಸಂಘದ ಆಸ್ತಿ ಎಷ್ಟೆಂಬ ಚಿಂತೆ ಬಹುಮಟ್ಟಿಗೆ ಕಡಿಮೆಯಾಗುತ್ತದೆ, ಏಕೆಂದರೆ ಸಾಲದ ಕಂತು ಆ ಆದಾಯದಿಂದಲೇ ಬರಬೇಕು. ಜರ್ಮನಿಯಲ್ಲಿ 1991ರ ಕಾನೂನು ವಿದ್ಯುತ್ ಕಂಪನಿಗಳು ಇಂತಹ ವಿದ್ಯುತ್ತನ್ನು ಕೊಳ್ಳಲೇಬೇಕೆಂದು ವಿಧಿಸಿತು. 2000ರ ಕಾನೂನು 20 ವರ್ಷಗಳ ನಿಗದಿತ ದರವನ್ನೂ ಗ್ರಿಡ್‌ನಲ್ಲಿ ಆದ್ಯತೆಯನ್ನೂ ಒದಗಿಸಿತು. 2006ರಲ್ಲಿ ಸಹಕಾರ ಕಾಯ್ದೆಗೆ ತಿದ್ದುಪಡಿ ತಂದು, ಸಂಘ ಕಟ್ಟಲು ಬೇಕಾದ ಸದಸ್ಯರ ಕನಿಷ್ಠ ಸಂಖ್ಯೆಯನ್ನು ಏಳರಿಂದ ಮೂರಕ್ಕೆ ಇಳಿಸಿದರು. ಇಂಧನ ಇಲಾಖೆಗೆ ನೇರ ಸಂಬಂಧವಿಲ್ಲದ ಈ ಸಣ್ಣ ತಿದ್ದುಪಡಿಯ ಬಗ್ಗೆ ಚರ್ಚೆ ನಡೆಯುವುದು ಕಡಿಮೆ. ಆದರೆ ಮುಂದಿನ ವರ್ಷಗಳಲ್ಲಿ ಅಲ್ಲಿ ಇಂಧನ ಸಹಕಾರ ಸಂಘಗಳು ನೂರಾರು ಸಂಖ್ಯೆಯಲ್ಲಿ ಹುಟ್ಟಿಕೊಳ್ಳಲು ನಿಗದಿತ ದರದ ಜೊತೆಗೆ ಇದೂ ಕಾರಣವೆಂದೇ ನಾನು ಎಣಿಸುತ್ತೇನೆ.

ಡೆನ್ಮಾರ್ಕ್‌ನ ಮಿಡ್ಡೆಲ್‌ಗ್ರುಂಡನ್ ಯೋಜನೆಯನ್ನು ಸ್ವಲ್ಪ ಹತ್ತಿರದಿಂದ ನೋಡುವುದು ಉಪಯುಕ್ತ. ಕೋಪನ್‌ಹೇಗನ್ ಬಂದರಿನ ಹೊರಗೆ ಕಡಲಿನಲ್ಲಿ ತಲಾ 2 ಮೆಗಾವಾಟ್‌ನ 20 ಗಾಳಿಯಂತ್ರಗಳು 2000ದಲ್ಲಿ ನಿಂತವು. ಅರ್ಧ ಒಡೆತನ ನಗರದ ವಿದ್ಯುತ್ ಸಂಸ್ಥೆಯದು, ಉಳಿದರ್ಧ ಎಂಟು ಸಾವಿರಕ್ಕೂ ಹೆಚ್ಚು ಸದಸ್ಯರ ಸಂಘದ್ದು. ಒಂದು ಷೇರು ಎಂದರೆ ವರ್ಷಕ್ಕೆ ಸುಮಾರು 1,000 ಯೂನಿಟ್ ವಿದ್ಯುತ್ ಉತ್ಪಾದನೆಯ ಪಾಲು ಎಂದು ಲೆಕ್ಕ ಹಾಕಿದ್ದರು. ಹೀಗಾಗಿ ಹಣಕಾಸಿನ ಪರಿಭಾಷೆ ಗೊತ್ತಿಲ್ಲದವರಿಗೂ ತಾವು ಏನನ್ನು ಕೊಳ್ಳುತ್ತಿದ್ದೇವೆ ಎಂಬುದು ತಮ್ಮ ಮನೆಯ ಬಿಲ್ಲಿನೊಂದಿಗೆ ಹೋಲಿಸಿದರೆ ತಿಳಿಯುತ್ತಿತ್ತು. ಮೊದಲ ನಕ್ಷೆಯಲ್ಲಿ 27 ಯಂತ್ರಗಳು ಮೂರು ಸಾಲುಗಳಲ್ಲಿದ್ದವು. ಸಾರ್ವಜನಿಕ ಅಹವಾಲಿನಲ್ಲಿ ಆಕ್ಷೇಪಣೆಗಳು ಬಂದ ಮೇಲೆ ಅವು 20ಕ್ಕೆ ಇಳಿದು ಬಿಲ್ಲಿನಂತೆ ಬಾಗಿದ ಒಂದೇ ಸಾಲಾದವು. ಇದರ ಹಿನ್ನೆಲೆಯಲ್ಲಿ ಬಹಳ ಕಾಲದ ಸರ್ಕಾರಿ ನೀತಿಯಿದೆ. 1979ರಲ್ಲಿ ಗಾಳಿಯಂತ್ರದ ಬೆಲೆಯ ಶೇ. 30ರಷ್ಟು ಸಹಾಯಧನ ನೀಡತೊಡಗಿದ ಡೆನ್ಮಾರ್ಕ್, ಯಂತ್ರಗಳು ಸುಧಾರಿಸಿದಂತೆ ಅದನ್ನು ಹಂತಹಂತವಾಗಿ ಇಳಿಸಿ 1989ರಲ್ಲಿ ನಿಲ್ಲಿಸಿತು. ನಿಲ್ಲಿಸಿದ್ದು ಸರಿಯೇ; ಆದರೆ ಇಳಿಸುತ್ತ ಬಂದು ನಿಲ್ಲಿಸಿದ್ದನ್ನು ಗಮನಿಸಬೇಕು.

ಏಕೆಂದರೆ ಬ್ರಿಟನ್ನಿನಲ್ಲಿ ನಡೆದದ್ದು ಇದಕ್ಕೆ ತದ್ವಿರುದ್ಧ. 2010ರಲ್ಲಿ ಅಲ್ಲಿ ನಿಗದಿತ ದರದ ಯೋಜನೆ ಬಂದು ಸಂಘಗಳು ಚಿಗುರಿದವು. 2015ರ ಕೊನೆಯಲ್ಲಿ ಸಮುದಾಯ ಇಂಧನದ ಹೂಡಿಕೆದಾರರಿಗಿದ್ದ ತೆರಿಗೆ ರಿಯಾಯಿತಿಯನ್ನು ಕೆಲವೇ ವಾರಗಳ ಸೂಚನೆ ಕೊಟ್ಟು ಹಿಂತೆಗೆದುಕೊಂಡರು, ಅದರ ಬೆನ್ನಿಗೇ ದರಗಳನ್ನು ತೀವ್ರವಾಗಿ ಕಡಿತಗೊಳಿಸಿದರು, 2019ರ ಮಾರ್ಚ್ ಅಂತ್ಯಕ್ಕೆ ಹೊಸ ಅರ್ಜಿದಾರರಿಗೆ ಯೋಜನೆಯನ್ನೇ ಮುಚ್ಚಿದರು. ಕಂಪನಿಯೊಂದು ನೀತಿ ಬದಲಾದ ಮರುದಿನವೇ ಹೊಸ ಲೆಕ್ಕ ಹಾಕಿಕೊಳ್ಳಬಲ್ಲದು. ಸ್ವಯಂಸೇವಕರೇ ಸಂಜೆಯ ಹೊತ್ತು ಕುಳಿತು ನಡೆಸುವ ಸಂಘಕ್ಕೆ ಸಭೆ ಕರೆದು ತೀರ್ಮಾನಿಸಲೇ ತಿಂಗಳು ಬೇಕು.

ಇಷ್ಟೆಲ್ಲ ಕೊಟ್ಟ ಮೇಲೆ ‘ಸಮುದಾಯ’ ಎಂದು ಯಾರನ್ನು ಕರೆಯಬೇಕೆಂಬ ಪ್ರಶ್ನೆ ಏಳುತ್ತದೆ, ಮತ್ತು ಬಹಳಷ್ಟು ನೀತಿಗಳು ಎಡವುವುದು ಇಲ್ಲಿಯೇ. ಜರ್ಮನಿ 2017ರಲ್ಲಿ ನಿಗದಿತ ದರವನ್ನು ಬಿಟ್ಟು, ಕಡಿಮೆ ದರಕ್ಕೆ ವಿದ್ಯುತ್ ಕೊಡುತ್ತೇವೆಂದು ಕೂಗಿದವರು ಗೆಲ್ಲುವ ಹರಾಜಿಗೆ ಹೊರಳಿದಾಗ, ಸಣ್ಣವರು ದೊಡ್ಡವರೆದುರು ಉಳಿಯಲಾರರೆಂದು ‘ನಾಗರಿಕ ಇಂಧನ ಕಂಪನಿ’ಗಳಿಗೆ ವಿಶೇಷ ರಿಯಾಯಿತಿ ನೀಡಿತು. ಕನಿಷ್ಠ ಹತ್ತು ಮಂದಿ ಇರಬೇಕು, ಹೆಚ್ಚಿನ ಮತಾಧಿಕಾರ ಸ್ಥಳೀಯರ ಕೈಯಲ್ಲಿರಬೇಕು, ಯಾರೊಬ್ಬರಿಗೂ ಶೇ. 10ಕ್ಕಿಂತ ಹೆಚ್ಚು ಮತ ಇರಬಾರದು ಎಂಬುದು ಷರತ್ತು. ಅದನ್ನು ಪೂರೈಸಿದವರು ಪರವಾನಗಿ ಇಲ್ಲದೆಯೇ ಹರಾಜಿನಲ್ಲಿ ಭಾಗವಹಿಸಬಹುದಿತ್ತು, ಯಂತ್ರ ನಿಲ್ಲಿಸಲು ಇತರರಿಗಿದ್ದ 30 ತಿಂಗಳ ಬದಲು 54 ತಿಂಗಳು ಸಿಗುತ್ತಿತ್ತು, ದರವೂ ತಾವು ಕೂಗಿದ್ದಲ್ಲ, ಆ ಸುತ್ತಿನಲ್ಲಿ ಗೆದ್ದವುಗಳ ಪೈಕಿ ಅತಿ ಹೆಚ್ಚಿನದು. ಫಲಿತಾಂಶ ಏನಾಯಿತೆಂದರೆ, ಆ ವರ್ಷದ ಮೂರೂ ಹರಾಜುಗಳಲ್ಲಿ ಗೆದ್ದ ಸಾಮರ್ಥ್ಯದ ಶೇ. 90ಕ್ಕೂ ಮಿಕ್ಕ ಭಾಗ ಇಂತಹ ‘ನಾಗರಿಕ’ರ ಪಾಲಾಯಿತು. ಕಾಗದದ ಮೇಲೆ ಇದು ಜನಸಾಮಾನ್ಯರ ದಿಗ್ವಿಜಯ. ಒಳಹೊಕ್ಕು ನೋಡಿದರೆ ಅವುಗಳಲ್ಲಿ ಬಹುಪಾಲಿನ ಹಿಂದೆ ವೃತ್ತಿಪರ ಅಭಿವೃದ್ಧಿ ಕಂಪನಿಗಳೇ ಇದ್ದವು. ಷರತ್ತನ್ನು ಯಾರೂ ಮುರಿದಿರಲಿಲ್ಲ ಎಂಬುದೇ ಇಲ್ಲಿಯ ವಿಪರ್ಯಾಸ. ಷರತ್ತೇ ಅಷ್ಟು ಸಡಿಲವಾಗಿತ್ತು. ಮರುವರ್ಷ ಪರವಾನಗಿಯ ವಿನಾಯಿತಿ ತಡೆಹಿಡಿಯಲ್ಪಟ್ಟಿತು, ಗೆದ್ದ ಯೋಜನೆಗಳಲ್ಲಿ ಅನೇಕವು ಮೇಲೇಳಲೇ ಇಲ್ಲ.

2023ರಿಂದ ಅಲ್ಲಿ ಬೇರೆ ದಾರಿ ಹಿಡಿದಿದ್ದಾರೆ. ಕನಿಷ್ಠ 50 ಸದಸ್ಯರಿರುವ ನಾಗರಿಕ ಸಂಸ್ಥೆಗಳು 18 ಮೆಗಾವಾಟ್‌ವರೆಗಿನ ಪವನ ಯೋಜನೆಯನ್ನೂ 6 ಮೆಗಾವಾಟ್‌ವರೆಗಿನ ಸೌರ ಯೋಜನೆಯನ್ನೂ ಹರಾಜಿನ ಗೊಡವೆಯೇ ಇಲ್ಲದೆ ಕೈಗೊಳ್ಳಬಹುದು. ಹರಾಜಿನೊಳಗೆ ರಿಯಾಯಿತಿ ಕೊಡುವುದಕ್ಕಿಂತ ಇದು ಎಷ್ಟೋ ಮೇಲು ಎಂಬುದು ನನ್ನ ಅಭಿಪ್ರಾಯ. ಗಾತ್ರಕ್ಕೆ ಮಿತಿ ಹಾಕಿದಾಗ ವೇಷ ಧರಿಸಿ ಬರುವ ದೊಡ್ಡ ಕಂಪನಿಗೆ ಸಿಗುವ ಲಾಭಕ್ಕೂ ಮಿತಿ ಬೀಳುತ್ತದೆ.

ಗ್ರಿಡ್ ವಿಚಾರದಲ್ಲಿ ಸರ್ಕಾರ ಹಣ ಕೊಡುವುದಕ್ಕಿಂತ ನಿಯಮ ರೂಪಿಸುವುದೇ ಮುಖ್ಯ. ಒಂದು ಮೆಗಾವಾಟ್‌ನ ಯೋಜನೆಗೆ ಸಬ್‌ಸ್ಟೇಷನ್ ಉನ್ನತೀಕರಣದ ಪೂರ್ತಿ ಖರ್ಚನ್ನು ಹೊರಿಸಿದರೆ ಆ ಯೋಜನೆ ಅಲ್ಲಿಗೇ ಮುಗಿಯಿತು. ಇದರ ಪಕ್ಕದ ಇನ್ನೊಂದು ಸಮಸ್ಯೆಯೆಂದರೆ, ಸೂರಿನ ಮೇಲೆ ಉತ್ಪಾದಿಸಿದ ವಿದ್ಯುತ್ತನ್ನು ಎದುರು ಮನೆಯವರೊಂದಿಗೆ ಹಂಚಿಕೊಳ್ಳಲು ಕಾನೂನಿನಲ್ಲಿ ದಾರಿಯಿಲ್ಲದಿರುವುದು. ಯುರೋಪಿಯನ್ ಒಕ್ಕೂಟ 2018ರ ನಿರ್ದೇಶನದಲ್ಲಿ ‘ನವೀಕರಿಸಬಹುದಾದ ಇಂಧನ ಸಮುದಾಯ’ಗಳಿಗೆ ವಿದ್ಯುತ್ತನ್ನು ಉತ್ಪಾದಿಸುವ, ಸಂಗ್ರಹಿಸುವ, ಮಾರುವ ಮತ್ತು ತಮ್ಮೊಳಗೆ ಹಂಚಿಕೊಳ್ಳುವ ಹಕ್ಕನ್ನು ಗುರುತಿಸಿತು. ಇಟಲಿ ಅದನ್ನು 2024ರ ಆರಂಭದಲ್ಲಿ ಕಾರ್ಯರೂಪಕ್ಕೆ ತಂದಿತು: ಒಂದೇ ಪ್ರಾಥಮಿಕ ಸಬ್‌ಸ್ಟೇಷನ್ನಿನ ವ್ಯಾಪ್ತಿಯ ಸದಸ್ಯರು ಒಂದು ಗಂಟೆಯಲ್ಲಿ ಎಷ್ಟು ಉತ್ಪಾದಿಸಿ ಅದೇ ಗಂಟೆಯಲ್ಲಿ ಎಷ್ಟು ಬಳಸಿದರೋ ಅಷ್ಟಕ್ಕೆ 20 ವರ್ಷ ಪ್ರೋತ್ಸಾಹಧನ ಸಿಗುತ್ತದೆ. ಉತ್ಪಾದನೆಗೆ ಅಲ್ಲ, ಹಂಚಿಕೆಗೆ ಹಣ ಎಂಬ ಈ ಯೋಚನೆ ಜಾಣತನದ್ದು. ಬಿಸಿಲಿರುವಾಗಲೇ ವಿದ್ಯುತ್ ಬಳಸಲು ಅದು ಜನರನ್ನು ತಾನಾಗಿ ಪ್ರೇರೇಪಿಸುತ್ತದೆ.

ಗ್ರಿಡ್ಡೇ ತಲುಪದ ಜಾಗಗಳ ಲೆಕ್ಕ ಬೇರೆ. ಸ್ಕಾಟ್ಲೆಂಡ್‌ನ ಐಗ್ ದ್ವೀಪದ ನಿವಾಸಿಗಳು 2008ರಲ್ಲಿ ಜಲ, ಪವನ, ಸೌರ ಮೂರನ್ನೂ ಬ್ಯಾಟರಿಗಳೊಂದಿಗೆ ಜೋಡಿಸಿ ತಮ್ಮದೇ ಜಾಲ ಕಟ್ಟಿಕೊಂಡರು. ಬಂಡವಾಳದ ಬಹುಭಾಗ ಸಾರ್ವಜನಿಕ ನಿಧಿಗಳಿಂದ ಬಂದಿತು. ಅಲ್ಲಿ ಒಂದು ಮನೆ ಒಂದು ಹೊತ್ತಿಗೆ 5 ಕಿಲೋವಾಟ್‌ಗಿಂತ, ಒಂದು ವ್ಯಾಪಾರ ಸ್ಥಳ 10 ಕಿಲೋವಾಟ್‌ಗಿಂತ ಹೆಚ್ಚು ಎಳೆಯುವಂತಿಲ್ಲ. ಮೀರಿದರೆ ಆ ಮನೆಯ ಸಂಪರ್ಕ ತಾನಾಗಿ ಕಡಿತಗೊಳ್ಳುತ್ತದೆ. ತಾವೇ ಒಪ್ಪಿಕೊಂಡ ನಿಯಮವಾದ್ದರಿಂದ ಅದು ನಡೆದುಕೊಂಡು ಬಂದಿದೆ. ಇಂತಹ ಕಡೆ ಬಂಡವಾಳಕ್ಕೆ ನೇರ ಅನುದಾನ ನೀಡುವುದರಲ್ಲಿ ನನಗೆ ಯಾವ ತಕರಾರೂ ಇಲ್ಲ.

ಈಗ ನಿಮ್ಮ ಎರಡನೆಯ ಪ್ರಶ್ನೆ. ಷೇರು ಮಾದರಿಯಲ್ಲಿ ಉಳಿತಾಯ ಇದ್ದವನೇ ಸದಸ್ಯನಾಗುತ್ತಾನೆ, ಮತ್ತು ನಿಗದಿತ ದರದ ಹೊರೆಯನ್ನು ಎಲ್ಲರ ಬಿಲ್ಲಿನ ಮೇಲೆ ಹಾಕಿದರೆ ಬಡವ ಕಟ್ಟಿದ ಹಣ ಉಳ್ಳವನ ಲಾಭಾಂಶವಾಗುತ್ತದೆ. ಈ ಆಕ್ಷೇಪವನ್ನು ತಳ್ಳಿಹಾಕಲು ನನ್ನ ಬಳಿ ಉತ್ತರವಿಲ್ಲ, ಏಕೆಂದರೆ ಅದು ನಿಜ. ಯುರೋಪಿನ ಅದೇ ನಿರ್ದೇಶನವು ಕಡಿಮೆ ಆದಾಯದ ಕುಟುಂಬಗಳಿಗೂ ಭಾಗವಹಿಸಲು ಅವಕಾಶವಿರಬೇಕೆಂದು ಹೇಳುತ್ತದಾದರೂ, ಹೇಗೆಂಬುದನ್ನು ಆಯಾ ದೇಶಗಳಿಗೇ ಬಿಟ್ಟಿದೆ.

ಆದರೆ ಒಡೆತನಕ್ಕೆ ಷೇರೇ ಬೇಕೆಂದಿಲ್ಲ. ಸ್ಕಾಟ್ಲೆಂಡ್‌ನ ಲೂಯಿಸ್ ದ್ವೀಪದಲ್ಲಿ ಬೆನ್ ಗ್ರಿಡೆಗ್ ಎಂಬಲ್ಲಿ ಮೂರು ಗಾಳಿಯಂತ್ರಗಳ 9 ಮೆಗಾವಾಟ್ ಸ್ಥಾವರ 2015ರಿಂದ ನಡೆಯುತ್ತಿದೆ. ಅದರ ಒಡೆತನ ಸ್ಥಳೀಯ ಟ್ರಸ್ಟಿನದು. ವೈಯಕ್ತಿಕ ಷೇರುದಾರರಿಲ್ಲ, ಸಾಲ ಮತ್ತು ಖರ್ಚು ಕಳೆದು ಉಳಿದದ್ದೆಲ್ಲ ಊರಿನ ಕೆಲಸಗಳಿಗೆ ಹೋಗುತ್ತದೆ. ಖಾಸಗಿ ಕಂಪನಿಗಳು ಸ್ಥಳೀಯರಿಗೆ ಪ್ರತಿ ಮೆಗಾವಾಟ್‌ಗೆ ವರ್ಷಕ್ಕೆ 5,000 ಪೌಂಡ್ ನೀಡಬೇಕೆಂಬುದು ಸ್ಕಾಟ್ಲೆಂಡ್ ಸರ್ಕಾರದ ಮಾರ್ಗಸೂಚಿ; ಆ ಲೆಕ್ಕದಲ್ಲಿ ಇಷ್ಟೇ ಗಾತ್ರದ ಖಾಸಗಿ ಸ್ಥಾವರದಿಂದ ಊರಿಗೆ ಬರುತ್ತಿದ್ದುದು ವರ್ಷಕ್ಕೆ 45,000 ಪೌಂಡ್. ಟ್ರಸ್ಟಿನ ಕೈಗೆ ಬರುವುದು ಅದರ ಹಲವು ಪಟ್ಟು. ಷೇರು ಕೊಳ್ಳಲಾಗದವರೂ ಫಲಾನುಭವಿಗಳಾಗಬೇಕು ಎಂಬುದು ಸರ್ಕಾರದ ನಿಜವಾದ ಉದ್ದೇಶವಾಗಿದ್ದರೆ, ಪರವಾನಗಿಪೂರ್ವ ಸಾಲವನ್ನೂ ಗ್ರಿಡ್ ಆದ್ಯತೆಯನ್ನೂ ಮೊದಲು ಇಂತಹ ಟ್ರಸ್ಟುಗಳಿಗೆ ಮತ್ತು ಗ್ರಾಮಾಡಳಿತಗಳಿಗೆ ನೀಡಲಿ. ಷೇರು ಸಂಘಗಳಿಗೆ ನೀಡುವಾಗ ಕನಿಷ್ಠ ಷೇರಿನ ಮೊತ್ತ ಎಷ್ಟಿರಬೇಕು, ಕಂತಿನಲ್ಲಿ ಕಟ್ಟಲು ಅವಕಾಶವಿದೆಯೇ, ಎಷ್ಟೇ ಷೇರಿದ್ದರೂ ಒಬ್ಬರಿಗೆ ಒಂದೇ ಮತವೇ ಎಂಬ ಮೂರು ಅಂಶಗಳನ್ನು ಸಂಘದ ಬೈಲಾದಲ್ಲಿ ನೋಡಿದ ಮೇಲೆಯೇ ಹಣ ಬಿಡುಗಡೆ ಮಾಡಲಿ.