ಬೆರಳು ಮಡಚೋಕೆ ಬರುತ್ತಲ್ಲ ಅಂತ ಸುಮ್ಮನಿದ್ದೆ
ಅಂಗೈಗೆ ಕತ್ತಿ ತಾಗಿ ಎರಡು ವಾರ, ಹೊಲಿಗೆ ಬಿಚ್ಚಿಯಾಗಿದೆ, ತೋರುಬೆರಳು ಜೋಮು, ಆದರೂ ಮಡಚೋಕೆ ಬರುತ್ತೆ. ಕೊಯ್ಲು ಮುಗಿಸಿ ಶಿವಮೊಗ್ಗಕ್ಕೆ ಹೋಗಲೋ ಬೆಂಗಳೂರಿಗೋ ಅಂತ ಕೇಳಿದ್ದೀರಿ. ಓದುತ್ತಾ ನನ್ನ ಅಂಗೈ ನಾನೇ ಸವರಿಕೊಂಡೆ ಮಾರಾಯ್ರೇ.

ನಮ್ಮದು ತೀರ್ಥಹಳ್ಳಿ ಕಡೆ. ಡಿಸೆಂಬರ್ ತಿಂಗಳು, ಅಡಿಕೆ ಸುಲಿತದ ರಾತ್ರಿ, ನಿದ್ದೆಗಣ್ಣಲ್ಲಿ ಕೈ ಜಾರಿ ಮೆಟ್ಟುಗತ್ತಿ ಅಂಗೈಗೆ ಇಳೀತು, ತೋರುಬೆರಳು ನಡುಬೆರಳ ಬುಡದ ಹತ್ತಿರ. ರಕ್ತ ಚಿಮ್ಮಿತು. ಡಾಕ್ಟರು ಐದು ಹೊಲಿಗೆ ಹಾಕಿ "ಬೆರಳು ಮಡಚಿ ನೋಡುವಾ" ಅಂದರು, ಮಡಚಿದೆ. ಬೆರಳು ಜೋಮು ಹಿಡಿದಿತ್ತು, ಆದರೆ ಆ ಮಾತೇ ಬರಲಿಲ್ಲ. ಮೊದಲು ಹೊಲಿಗೆಗೆ ಕೊಟ್ಟ ಮರವಿನ ಇಂಜೆಕ್ಷನ್ ಇಳಿದಿಲ್ಲ ಅಂದುಕೊಂಡೆ, ಆಮೇಲೆ ಬಾವು ಅಂದುಕೊಂಡೆ.

ನನ್ನನ್ನು ಕೆಡಿಸಿದ್ದು ಆ ಮಡಚೋದೇ. ಬೆರಳು ಮಡಚುವ ದೊಡ್ಡ ಸ್ನಾಯುಗಳು ಇರೋದು ಮೊಣಕೈ ಕೆಳಗೆ. ಅವಕ್ಕೆ ನರ ಅಲ್ಲೇ ಮೇಲೆ ಕವಲೊಡೆದು ಹೋಗಿರುತ್ತೆ. ಅಂಗೈಗೆ ಬರೋದು ಅವುಗಳ ಹುರಿ, ಅಂದರೆ ಸ್ನಾಯುವನ್ನು ಬೆರಳ ಮೂಳೆಗೆ ಕಟ್ಟುವ ಹಗ್ಗದಂಥದ್ದು, ಮಾತ್ರ. ಹಾಗಾಗಿ ಅಂಗೈಯಲ್ಲಿ ನರ ತುಂಡಾದರೂ, ಹುರಿ ಗಟ್ಟಿಯಿದ್ದರೆ ಬೆರಳು ಚಂದ ಮಡಚುತ್ತೆ. ಹೋಗೋದು ಸ್ಪರ್ಶ. ಅದೂ ಇಡೀ ಬೆರಳಲ್ಲ. ಅಂಗೈಯ ಒಂದು ನರ ಬೆರಳ ಸಂದಿಯ ಹತ್ತಿರ ಎರಡಾಗಿ, ಅಕ್ಕಪಕ್ಕದ ಬೆರಳುಗಳ ಎದುರುಬದುರು ಬದಿಗೆ ಹೋಗುತ್ತೆ. ನನಗೆ ಎರಡೂ ಬೆರಳಲ್ಲಿ ಅರ್ಧರ್ಧ ಗೊತ್ತಾಗ್ತಿತ್ತು, ಅಷ್ಟಕ್ಕೇ ಸಮಾಧಾನ! ಅಲ್ಲಿ ರಕ್ತನಾಳ, ನರ ಪಕ್ಕಪಕ್ಕದಲ್ಲೇ ಇರುತ್ತವೆ; ರಕ್ತ ಚಿಮ್ಮಿದಾಗಲೇ ಅನುಮಾನ ಬರಬೇಕಿತ್ತು.

ಅನುಮಾನ ಬಂದದ್ದು ಜುಲೈಯಲ್ಲಿ. ದಿನವಿಡೀ ಗದ್ದೆ ನೀರಲ್ಲಿ ಸಸಿ ಕಿತ್ತು ಕೈ ನೋಡಿಕೊಂಡರೆ ಬೆರಳೆಲ್ಲ ಸುಕ್ಕು, ಆ ಎರಡು ಬದಿ ಮಾತ್ರ ನುಣುಪು. ನರ ಕಡಿದ ಚರ್ಮ ನೀರಲ್ಲಿ ಸುಕ್ಕುಗಟ್ಟಲ್ಲ, ಬೆವರೋದೂ ಇಲ್ಲ. ಅಷ್ಟೊತ್ತಿಗೆ ನರದ ತುದಿಗಳು ಹಿಂದೆ ಸರಿದು ಗಂಟುಗಟ್ಟಿದ್ದವು. ಗಂಟು ತೆಗೆದು, ಮಧ್ಯದ ಖಾಲಿ ಜಾಗಕ್ಕೆ ಕಾಲಿನ ನರದ ತುಂಡು ತಂದು ಕೂರಿಸಿದರು. ಈಗ ಪಾದದ ಹೊರಬದಿಯೂ ಜೋಮು. ಮೊದಲ ವಾರವೇ ಹೋಗಿದ್ದರೆ ಎರಡು ತುದಿ ಸೇರಿಸಿ ಕೂದಲಿಗಿಂತ ಸಣ್ಣ ದಾರದಲ್ಲಿ ಹೊಲಿದರೆ ಆಗ್ತಿತ್ತಂತೆ. ಹೊಲಿದ ಮೇಲೂ ನರ ಬೆಳೆಯೋದು ದಿನಕ್ಕೆ ಸುಮಾರು 1 ಮಿಲಿಮೀಟರ್. ಜೇಬಿನೊಳಗಿನ ನಾಣ್ಯ ಒಂದೋ ಐದೋ ಅಂತ ನನಗೆ ಇವತ್ತಿಗೂ ತಿಳಿಯಲ್ಲ.

ಶಿವಮೊಗ್ಗನೋ ಬೆಂಗಳೂರೋ ಅಂತ ಯೋಚಿಸ್ತಾ ಕೂರಬೇಡಿ. ಮೈಕ್ರೋಸ್ಕೋಪ್ ಇಟ್ಟುಕೊಂಡು ಕೈನರ ಹೊಲಿಯುವ ಸರ್ಜನ್ ಈ ವಾರ ಎಲ್ಲಿ ಸಿಗ್ತಾರೋ ಅಲ್ಲಿಗೆ ಹೋಗಿ. ಕೊಯ್ಲನ್ನ ಚೇಣಿಗೆ, ಅಂದರೆ ಫಸಲನ್ನೇ ಗುತ್ತಿಗೆಗೆ ಕೊಡಿ, ನಾಲ್ಕು ಕಾಸು ಕಮ್ಮಿ ಬಂದರೆ ಬರಲಿ. ಯಾವ ಬದಿ ಜೋಮು ಅಂತ ಬೆರಳ ಮೇಲೆ ಪೆನ್ನಲ್ಲಿ ಗೆರೆ ಎಳೆದುಕೊಂಡೇ ಹೋಗಿ, ಅವರು ಕೇಳದಿದ್ದರೂ ತೋರಿಸಿ.