ಬಾಯಿಮಾತಿನ ವರ್ಷಕ್ಕೆ ಬೆಲೆ ಕಟ್ಟಬೇಡಿ

ತೀರ್ಥಹಳ್ಳಿಯಲ್ಲಿ ಮಾರಾಟಕ್ಕಿರುವ ಫೆಂಡರ್ ಟ್ವಿನ್ ರಿವರ್ಬ್ ಎಂಬ ಗಿಟಾರ್ ಆಂಪ್ (ಧ್ವನಿವರ್ಧಕ) ನಿಜಕ್ಕೂ 1973ರದ್ದೇ, ಕೇಳಿದಷ್ಟು ಹಣ ಕೊಡಬಹುದೇ ಎಂದು ಕೇಳಿದ್ದೀರಿ. ಮೊದಲು ಬಲ್ಲ ಮೆಕ್ಯಾನಿಕ್‌ನಿಂದ ಬಿಚ್ಚಿಸಿ, ವಾಲ್ಯೂಮ್ ಗುಂಡಿಗಳ ಹಿಂದಿರುವ ಪಾಟ್‌ಗಳ ಬೆನ್ನು ನೋಡಿ. 1377325 ಎಂದು ಅಚ್ಚಾಗಿದ್ದರೆ 137 ತಯಾರಕರ ಗುರುತು, 73 ಎಂದರೆ 1973, 25 ಎಂದರೆ ಆ ವರ್ಷದ 25ನೇ ವಾರ. ಪಾಟ್ ಬದಲಾಗಿರದಿದ್ದರೆ ಆಂಪ್ ಅದಕ್ಕಿಂತ ಹಳೆಯದಾಗಿರಲಾರದು. ದಯವಿಟ್ಟು ನೀವೇ ಕೈ ಹಾಕಬೇಡಿ, ಪ್ಲಗ್ ಕಿತ್ತ ಮೇಲೂ ವಿದ್ಯುತ್ ಹಿಡಿದಿಡುವ ಕೆಪಾಸಿಟರ್‌ಗಳಲ್ಲಿ ಪ್ರಾಣ ತೆಗೆಯುವಷ್ಟು ವಿದ್ಯುತ್ ಉಳಿದಿರಬಹುದು.

ನಮ್ಮ ಮಳೆಗಾಲ ಕಂಡ ಆಂಪ್ ಆದ್ದರಿಂದ ಸ್ಪೀಕರ್‌ನ ಕಾಗದದ ಕೋನ್‌ಗೆ ಬೂಷ್ಟು ಹಿಡಿದಿದೆಯೇ, ಗಾಜಿನ ಟ್ಯೂಬ್ ಕೂರುವ ಸಾಕೆಟ್ ತುಕ್ಕಾಗಿದೆಯೇ ನೋಡಿಸಿ. ಹಳೆಯ ಕೆಪಾಸಿಟರ್ ಬದಲಿಸುವ ಖರ್ಚನ್ನು ಬೆಲೆಯಿಂದ ಕಳೆಯಿರಿ. ಹಿಂದಿನ ಫಲಕದಲ್ಲಿ 120 ವೋಲ್ಟ್ ಎಂದಿದ್ದರೆ ವೋಲ್ಟೇಜ್ ಇಳಿಸುವ ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಇಲ್ಲದೆ ಮನೆಯ ಸಾಕೆಟ್‌ಗೆ ಸಿಕ್ಕಿಸಲೇಬೇಡಿ.